ಪಕ್ಕದ ಮನೆಯ ಸೀತಾಫಲ ಒಂದೇ ಸಲ ಕಣ್ಣು ಬಿಟ್ಟಿದೆ, ಏನು ಮಾಡಲಿ?

ಹಿತ್ತಲ ಬಾಗಿಲು (ಸರಸ್ವತಿಪುರಂ, ಮೈಸೂರು)
ಅಕ್ಟೋಬರ್ 11, ಬೆಳಿಗ್ಗೆ 6.50

ನಮ್ಮ ಪಕ್ಕದ ಮನೆಗೆ ಬೀಗ ಬಿದ್ದು ಎರಡು ವರ್ಷವಾಯಿತು. ಯಜಮಾನಿ ಬೆಂಗಳೂರಿನಲ್ಲಿ ಮಗಳ ಜೊತೆ ಇದ್ದಾರೆ. ಕೀಲಿಕೈ ನಮ್ಮ ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿದೆ. ತಿಂಗಳಿಗೊಮ್ಮೆ ಹೋಗಿ ನಲ್ಲಿ ಬಿಟ್ಟು, ಕಸ ಗುಡಿಸಿ ಬರುವುದು ನನ್ನ ಕೆಲಸ. ದಸರೆಯ ಗದ್ದಲದಲ್ಲಿ ಈ ಸಲ ತಡವಾಯಿತು. ಮೊನ್ನೆ ಹೋಗಿ ನೋಡಿದರೆ ಹಿತ್ತಲಲ್ಲಿ ಕಾಲಿಡಲು ಜಾಗವಿಲ್ಲ. ಎರಡು ಸೀತಾಫಲದ ಗಿಡಗಳ ಕೆಳಗೆ ಬಿದ್ದು ಒಡೆದ ಹಣ್ಣು, ಅದರ ಮೇಲೆ ಕಟ್ಟಿರುವೆಯ ಸಾಲು, ಮೂಗಿಗೆ ಬಡಿಯುವ ಹುಳಿ ವಾಸನೆ. ಗಿಡದ ಮೇಲೂ ಲೆಕ್ಕವಿಲ್ಲದಷ್ಟು ಕಾಯಿ.

ಫೋನ್ ಮಾಡಿ ಕೇಳಿದೆ. ‘ಕೊಳೆತು ಮಣ್ಣು ಸೇರುವ ಬದಲು ನಿಮ್ಮ ಹೊಟ್ಟೆ ಸೇರಲಿ, ಕೇಳುವುದೇನು ಬಂತು’ ಎಂದರು. ಆ ಮಾತು ಕೇಳಿದ್ದೇ ತಡ, ನಿನ್ನೆ ಸಂಜೆ ಬುಟ್ಟಿ ಹಿಡಿದು ಹೋದವಳು ಕತ್ತಲಾಗುವವರೆಗೂ ಕಿತ್ತೆ. ತಂದು ಎಣಿಸಿದರೆ 64. ಮನೆಯಲ್ಲಿರುವುದು ಮೂವರು. ಯಜಮಾನರಿಗೆ ಸಕ್ಕರೆ ಕಾಯಿಲೆ. ಅತ್ತೆಯವರಿಗೆ ಬೀಜ ಉಗುಳುವುದೆಂದರೆ ಬೇಸರ. ಉಳಿದವಳು ನಾನೊಬ್ಬಳು.

ಅದೇ ಹಿತ್ತಲಲ್ಲಿ ಒಂದು ಸೀಬೆ ಮರ, ಒಂದು ಹೆರಳೆ ಗಿಡ, ಮೂಲೆಯಲ್ಲಿ ಬೆಟ್ಟದ ನೆಲ್ಲಿ ಕೂಡ ಇವೆ. ಕಾಡುಮೇಡು ಅಲೆದು ಹಣ್ಣು ಆಯ್ದು ತಂದವರ ಕಥೆಗಳನ್ನು ಇಲ್ಲಿ ಓದುತ್ತಿರುತ್ತೇನೆ. ನನ್ನ ಕಾಡು ನಾಲ್ಕಡಿ ಗೋಡೆಯ ಆಚೆಗಿದೆ. ಆದರೆ ಅಲ್ಲಿಂದ ತಂದದ್ದನ್ನು ಮುಗಿಸುವುದು ಹೇಗೆಂದು ಗೊತ್ತಿಲ್ಲ. ಹೇಳಿ ಪುಣ್ಯ ಕಟ್ಟಿಕೊಳ್ಳಿ.

ಅಗ್ರಹಾರದ ಮೊಮ್ಮಗ
ಅಕ್ಟೋಬರ್ 11, ಬೆಳಿಗ್ಗೆ 8.15

ಮೊದಲು 64ನ್ನೂ ನೆಲದ ಮೇಲೆ ಹರಡಿ. ಒಂದೊಂದನ್ನೂ ತಿರುಗಿಸಿ, ಗುಬುಟುಗಳ ನಡುವಿನ ಗೆರೆಗಳನ್ನು ನೋಡಿ. ಗೆರೆ ಅಗಲವಾಗಿ, ಒಳಗೆ ಕೆನೆ ಬಣ್ಣ ಅಥವಾ ತೆಳು ಹಳದಿ ಕಂಡರೆ ಅದು ಕಣ್ಣು ಬಿಟ್ಟ ಕಾಯಿ. ಎರಡು ಮೂರು ದಿನದಲ್ಲಿ ಹಣ್ಣಾಗುತ್ತದೆ. ಗೆರೆಯೇ ಕಾಣದಂತೆ ಗುಬುಟುಗಳು ಒಂದಕ್ಕೊಂದು ಅಂಟಿಕೊಂಡು ಹಸಿರಾಗಿದ್ದರೆ ಅದು ಎಳೆಯದು. ಅಂಥದ್ದು ಹಣ್ಣಾಗುವುದಿಲ್ಲ, ಕಲ್ಲಿನಂತೆ ಗಟ್ಟಿಯಾಗಿ ಕಪ್ಪಾಗುತ್ತದೆ. ಕತ್ತಲಾಗುವವರೆಗೆ ಕಿತ್ತೆ ಎಂದಿರಿ. ಹಾಗಾದರೆ ಕಡೆಯ ಇಪ್ಪತ್ತು ಕಾಯಿಗಳ ಆಸೆಯನ್ನು ಈಗಲೇ ಬಿಡಿ.

ಕಣ್ಣು ಬಿಟ್ಟವನ್ನು ಅಕ್ಕಿ ಡಬ್ಬದಲ್ಲಿ ಹೂತಿಡಿ. ಹಣ್ಣಾಗುವ ಮುಂಚೆ ಫ್ರಿಜ್ಜಿಗೆ ಮಾತ್ರ ಇಡಬೇಡಿ. ಚಳಿಗೆ ಸಿಪ್ಪೆ ಕಪ್ಪಾಗುತ್ತದೆ, ಆಮೇಲೆ ಹೊರಗಿಟ್ಟರೂ ಸರಿಯಾಗಿ ಹಣ್ಣಾಗುವುದಿಲ್ಲ.

ನಾಗಮಂಗಲ ಬಯಲು
ಅಕ್ಟೋಬರ್ 11, ಬೆಳಿಗ್ಗೆ 9.40

ಅಕ್ಕಿ ಡಬ್ಬ ನಾಲ್ಕು ಹಣ್ಣಿಗೆ ಸರಿ, ನಲವತ್ತಕ್ಕಲ್ಲ. ಡಬ್ಬದೊಳಗೆ ಕಾವು ಹೆಚ್ಚಿ ಎಲ್ಲವೂ ಒಂದೇ ರಾತ್ರಿ ಮೆತ್ತಗಾಗಿ, ಒಂದು ಒಡೆದರೆ ಅಕ್ಕಿಯೆಲ್ಲ ಅಂಟು. ನಮ್ಮಲ್ಲಿ ರಾಗಿ ಹುಲ್ಲಿನ ಹಾಸಿಗೆ ಮಾಡಿ, ಕಾಯಿಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ, ಮೇಲೆ ಮತ್ತೊಂದು ಪದರ ಹುಲ್ಲು ಮುಚ್ಚುತ್ತೇವೆ. ನಿಮ್ಮಲ್ಲಿ ಹುಲ್ಲು ಎಲ್ಲಿ ಸಿಗಬೇಕು? ಹಳೆಯ ಪತ್ರಿಕೆ ಹರಿದು ಹಾಸಿದರೂ ನಡೆಯುತ್ತದೆ. ಮುಖ್ಯವಾದ ಉಪಾಯ ಬೇರೆ ಇದೆ: ಎಲ್ಲವನ್ನೂ ಒಂದೇ ದಿನ ಹಣ್ಣು ಮಾಡಲು ಹೋಗಬೇಡಿ. ಅರ್ಧವನ್ನು ಹುಲ್ಲಿನಲ್ಲಿ ಇಡಿ, ಅರ್ಧವನ್ನು ಗಾಳಿಯಾಡುವ ನೆರಳಿನಲ್ಲಿ ಬಿಡಿಯಾಗಿ ಹರಡಿ. ಎರಡನೆಯದು ಮೂರು ದಿನ ಹಿಂದೆ ಬೀಳುತ್ತದೆ.

ಗಿಡದಲ್ಲಿ ಉಳಿದದ್ದನ್ನು ದಿನ ಬಿಟ್ಟು ದಿನ ನೋಡಿ, ಕಣ್ಣು ಬಿಟ್ಟದ್ದನ್ನಷ್ಟೇ ಕೀಳಿ. ಕೀಳುವಾಗ ತೊಟ್ಟು ಒಂದಿಷ್ಟು ಉಳಿಯಲಿ. ತೊಟ್ಟು ಕಿತ್ತು ಬಂದರೆ ಅಲ್ಲಿಂದಲೇ ಕೊಳೆತ ಶುರು.

ಮಸಾಲೆ ಡಬ್ಬಿ (ಮಂಡ್ಯ)
ಅಕ್ಟೋಬರ್ 11, ಮಧ್ಯಾಹ್ನ 1.05

ಸೀತಾಫಲದ ಹಲ್ವಾ ಮಾಡಲು ಹೋಗಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ದೀಪಾವಳಿಗೆ ಮಾಡಿದ್ದೆ. ಮೂವತ್ತು ಹಣ್ಣಿನ ತಿರುಳು, ಮುಕ್ಕಾಲು ಕೆ.ಜಿ. ಸಕ್ಕರೆ, ಒಳ್ಳೆಯ ತುಪ್ಪ. ಬಾಣಲೆಯಲ್ಲಿ ಮಗುಚುತ್ತಿದ್ದಾಗ ಮನೆಯೆಲ್ಲ ಘಮಘಮ. ಬಾಯಿಗಿಟ್ಟರೆ ಕಹಿ. ಸಕ್ಕರೆ ಸುರಿದೆ, ಕಹಿ ಹೋಗಲಿಲ್ಲ. ಈ ಹಣ್ಣಿನ ತಿರುಳನ್ನು ಕಾಯಿಸಿದರೆ ಕಹಿ ಏಳುತ್ತದೆಂದು ಆಮೇಲೆ ತಿಳಿಯಿತು. ಮಾವಿಗೂ ಹಲಸಿಗೂ ಒಗ್ಗುವ ಒಲೆ ಇದಕ್ಕೆ ಒಗ್ಗುವುದಿಲ್ಲ.

ಹಾಗಾಗಿ ಬಾಸುಂದಿಯೇ ದಾರಿ. ಎರಡು ಲೀಟರ್ ಹಾಲನ್ನು ಅರ್ಧಕ್ಕಿಂತ ಕಡಿಮೆಯಾಗುವವರೆಗೆ ಕಾಯಿಸಿ, ಸಕ್ಕರೆ ಹಾಕಿ, ಪೂರ್ತಿ ಆರಿಸಿ. ಪೂರ್ತಿ ಎಂದರೆ ಪೂರ್ತಿ: ಪಾತ್ರೆಯ ತಳ ಮುಟ್ಟಿದರೆ ತಣ್ಣಗಿರಬೇಕು. ಆಮೇಲೆ ತಿರುಳು ಬೆರೆಸಿ. ಏಲಕ್ಕಿಯನ್ನೂ ಹಾಕಬೇಡಿ, ಹಣ್ಣಿನ ಪರಿಮಳವನ್ನು ಅದು ನುಂಗುತ್ತದೆ. ಈ ಮಾತಿಗೆ ನಮ್ಮ ಮನೆಯಲ್ಲೇ ವಿರೋಧವಿದೆ; ನನ್ನ ತೀರ್ಮಾನವಂತೂ ಅದೇ.

ಹಿತ್ತಲ ಬಾಗಿಲು
ಅಕ್ಟೋಬರ್ 11, ಸಂಜೆ 5.30

ಎಣಿಸಿದೆ. ಕಣ್ಣು ಬಿಟ್ಟವು 39, ಎಳೆಯವು 25. ಅಗ್ರಹಾರದವರ ಲೆಕ್ಕಕ್ಕಿಂತ ನನ್ನ ಆಸೆ ಐದು ಕಾಯಿ ದೊಡ್ಡದು.

ಬೀಜ ಬಿಡಿಸುವುದಕ್ಕೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಸೋಸಿದರೆ ಸಾಕೆಂದು ತಂಗಿ ಹೇಳುತ್ತಿದ್ದಾಳೆ. ಮಾಡಲೇ?

ಬಿಳಿ ಕೋಟು ಬಿಚ್ಚಿದವಳು
ಅಕ್ಟೋಬರ್ 11, ಸಂಜೆ 6.10

ಬೇಡ. ಬೀಜ ಇಡಿಯಾಗಿ ನುಂಗಿದರೆ ಸಾಮಾನ್ಯವಾಗಿ ಹಾಗೆಯೇ ಹೊರಬೀಳುತ್ತದೆ, ಅದರ ಸಿಪ್ಪೆ ಅಷ್ಟು ಗಟ್ಟಿ. ಒಡೆದರೆ ಕಥೆ ಬೇರೆ. ಒಳಗಿನ ತಿರುಳಿನಲ್ಲಿ ಕೀಟಗಳನ್ನು ಕೊಲ್ಲುವ ವಿಷವಿದೆ. ಆ ಗುಣ ಗೊತ್ತಿದ್ದೇ ಹಿಂದೆ ಹೇನಿಗೆ ಬೀಜದ ಪುಡಿಯನ್ನು ತಲೆಗೆ ಹಚ್ಚುತ್ತಿದ್ದರು. ಪುಡಿ ಕಣ್ಣಿಗೆ ಇಳಿದು ಕಣ್ಣುಗುಡ್ಡೆ ಕೆಂಪಾಗಿ, ನೋವು ತಡೆಯಲಾರದೆ ಬಂದವರನ್ನು ನಾನು ದಾದಿಯಾಗಿದ್ದ ಕಾಲದಲ್ಲಿ ಕಂಡಿದ್ದೇನೆ. ಕಾರ್ನಿಯಾಕ್ಕೇ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೇ, ಗಾಯವಾಗುತ್ತದೆ. ಹೇನಿನ ಮದ್ದೆಂದು ಈಗಲೂ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಬಿಡಿಸುವ ಕ್ರಮ ಸುಲಭ. ದೊಡ್ಡ ಕಣ್ಣಿನ ಜರಡಿಯ ಮೇಲೆ ತಿರುಳು ಹಾಕಿ, ಎರಡು ಚಮಚ ತಣ್ಣನೆಯ ಹಾಲು ಸೇರಿಸಿ, ಬೆರಳ ತುದಿಯಿಂದ ಸುತ್ತು ಸುತ್ತಾಗಿ ಉಜ್ಜಿ. ಬೀಜ ಮೇಲೆ ಉಳಿಯುತ್ತದೆ. ಹತ್ತು ಹಣ್ಣಿಗೆ ಅರ್ಧ ಗಂಟೆ ಹಿಡಿಯುತ್ತದೆ. ಅತ್ತೆಯವರ ಸಮಸ್ಯೆಯೂ ಬಗೆಹರಿಯಿತು. ಯಜಮಾನರ ವಿಷಯ: ಈ ತಿರುಳಿನಲ್ಲಿ ಹತ್ತಿರ ಹತ್ತಿರ ಐದನೇ ಒಂದು ಪಾಲು ಸಕ್ಕರೆಯೇ. ಅವರ ಪಾಲನ್ನು ಅವರ ವೈದ್ಯರು ಹೇಳಲಿ, ನಾವು ಹೇಳುವುದು ಬೇಡ.

ಉಜ್ಜಿದ ತಿರುಳು ಗಾಳಿಗೆ ಕಂದಾಗುತ್ತದೆ. ಒಂದು ಬಟ್ಟಲಿಗೆ ಒಂದು ಚಮಚ ನಿಂಬೆರಸ ಬೆರೆಸಿ, ಐಸ್ ತಟ್ಟೆಯಲ್ಲಿ ತುಂಬಿ ಹೆಪ್ಪುಗಟ್ಟಿಸಿದರೆ ಎರಡು ತಿಂಗಳು ಧಾರಾಳವಾಗಿ ಬರುತ್ತದೆ.

ಬೆಟ್ಟದ ಮೆಟ್ಟಿಲು
ಅಕ್ಟೋಬರ್ 12, ಬೆಳಿಗ್ಗೆ 7.20

ಪಕ್ಕದ ಮನೆಯ ಹಿತ್ತಲಿಗೆ ಇಷ್ಟು ಸಂಭ್ರಮವೇ? ಚಾಮುಂಡಿ ಬೆಟ್ಟದ ತಪ್ಪಲಿಗೆ ಬನ್ನಿ. ಸೀತಾಫಲ, ಎಲಚಿ, ಕಾರೆ, ಎಲ್ಲ ಬಿಟ್ಟಿ. ಮುಂದಿನ ಭಾನುವಾರ ಹತ್ತು ಜನ ಚೀಲ ಹಿಡಿದು ಹೋಗೋಣವೇ? ಬರುವವರು ಕೈ ಎತ್ತಿ.

ದಾರಿ ಬದಿಯ ಮರ
ಅಕ್ಟೋಬರ್ 12, ಬೆಳಿಗ್ಗೆ 8.00

ನಾನು ಕೈ ಎತ್ತುವುದಿಲ್ಲ. ಬೆಟ್ಟದ ಬಹುಪಾಲು ಮೀಸಲು ಅರಣ್ಯ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಂಥ ಕಡೆ ಅನುಮತಿಯಿಲ್ಲದೆ ಹಣ್ಣು ಆಯುವುದೂ ತಪ್ಪೇ. ಕಾನೂನು ಒತ್ತಟ್ಟಿಗಿರಲಿ, ಅಲ್ಲಿನ ಕೋತಿ, ನವಿಲು, ಹಕ್ಕಿಗಳು ಕಾರ್ತಿಕದಲ್ಲಿ ದೇವರಾಜ ಮಾರುಕಟ್ಟೆಗೆ ಹೋಗಿ ಚೌಕಾಸಿ ಮಾಡಲಾರವು. ನಮಗೆ ಆ ಅನುಕೂಲವಿದೆ.

ಕಾಡಿನ ಹಣ್ಣೇ ಬೇಕೆಂದರೆ ಆಯುವ ಹಕ್ಕು ಇರುವವರಿಂದ ಕೊಳ್ಳಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ನೆಲ್ಲಿಕಾಯಿ, ಜೇನು ಜೀವನೋಪಾಯ. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿ ಅವರಿಗೆ ಆ ಹಕ್ಕು ಸಿಕ್ಕಿದೆ. ಚಳಿಗಾಲದಲ್ಲಿ ಆ ಕಡೆ ಹೋದರೆ ಸಣ್ಣ ಗಾತ್ರದ, ನಾರು ಹೆಚ್ಚಿರುವ ಕಾಡುನೆಲ್ಲಿ ಕೇಳಿ. ತೋಟದ ದಪ್ಪ ನೆಲ್ಲಿಗಿಂತ ಉಪ್ಪಿನಕಾಯಿಗೆ ಅದೇ ಮೇಲು.

ಬೆಟ್ಟದ ಮೆಟ್ಟಿಲು
ಅಕ್ಟೋಬರ್ 12, ಬೆಳಿಗ್ಗೆ 8.25

ನಾವು ಚಿಕ್ಕವರಿದ್ದಾಗ ಯಾರೂ ಕೇಳುತ್ತಿರಲಿಲ್ಲ.

ದಾರಿ ಬದಿಯ ಮರ
ಅಕ್ಟೋಬರ್ 12, ಬೆಳಿಗ್ಗೆ 8.40

ನಾವು ಚಿಕ್ಕವರಿದ್ದಾಗ ನಾಲ್ವರು ಹೋಗುತ್ತಿದ್ದೆವು, ಜೇಬಿನ ತುಂಬ ತರುತ್ತಿದ್ದೆವು. ಹತ್ತು ಜನ ಚೀಲ ತರುತ್ತಿರಲಿಲ್ಲ.

ನಾಗಮಂಗಲ ಬಯಲು
ಅಕ್ಟೋಬರ್ 12, ಬೆಳಿಗ್ಗೆ 10.30

ಕಾರೆಯ ಮಾತು ಬಂತು, ಅದಕ್ಕೇ ಒಂದು ಎಚ್ಚರಿಕೆ. ತಿನ್ನುವ ಕಾರೆ ಹಣ್ಣು ಕಡಲೆಕಾಯಿ ಬೀಜಕ್ಕಿಂತ ಕೊಂಚ ದೊಡ್ಡದು, ಹಣ್ಣಾದರೆ ಹಳದಿ, ಒಳಗೆ ಎರಡು ಬೀಜ. ಜೋಡಿ ಜೋಡಿಯಾಗಿ ಮುಳ್ಳಿರುವ ಕುಳ್ಳ ಗಿಡ. ದನ ಕಾಯಲು ಹೋದಾಗ ದೋರುಗಾಯಿ ಕಿತ್ತು, ಬಣವೆಯ ಬುಡದಲ್ಲಿ ಹೂತು, ಗುರುತಿಗೆ ಒಂದು ಕಲ್ಲಿಟ್ಟು ಬರುತ್ತಿದ್ದೆವು. ನಾಲ್ಕನೇ ದಿನ ತೆಗೆದರೆ ಮೆತ್ತನೆಯ ಹಣ್ಣು. ಒಮ್ಮೆ ನನ್ನ ಕಲ್ಲನ್ನು ಯಾರೋ ಎರಡು ಮಾರು ದೂರ ಸರಿಸಿಟ್ಟಿದ್ದರು. ಯಾರೆಂದು ಇವತ್ತಿಗೂ ಗುಮಾನಿ ಇದೆ. ಈಗ ಅವನು ನಮ್ಮ ಬೀಗ.

ಇದೇ ಬಯಲಲ್ಲಿ ಮಂಗಾರೆ ಎಂಬ ಇನ್ನೊಂದು ಮುಳ್ಳುಗಿಡವಿದೆ. ಕೆಲವರು ಅದನ್ನೂ ಕಾರೆ ಎಂದೇ ಕರೆಯುತ್ತಾರೆ. ಅದರ ಕಾಯಿ ಪುಟ್ಟ ಸೀಬೆಕಾಯಿಯಂತೆ ದುಂಡಗೆ, ತುದಿಯಲ್ಲಿ ಕಿರೀಟ. ನೋಡಲು ಚೆಂದ, ತಿಂದರೆ ವಾಂತಿ. ಅರೆದು ನೀರಿಗೆ ಹಾಕಿ ಮೀನು ಹಿಡಿಯಲು ಬಳಸುತ್ತಿದ್ದ ಕಾಯಿ ಅದು. ಪೇಟೆಯಲ್ಲಿ ಬೆಳೆದವರು ಹೆಸರು ನಂಬಿ ಕೈ ಹಾಕಬೇಡಿ.

ಬಿಳಿ ಕೋಟು ಬಿಚ್ಚಿದವಳು
ಅಕ್ಟೋಬರ್ 12, ಬೆಳಿಗ್ಗೆ 11.15

ಪೇಟೆಯೊಳಗಿನ ಅಪಾಯ ಹಳದಿ ಕಣಗಿಲೆ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ದೇವರ ಹೂವಿಗೆಂದು ಕಾಂಪೌಂಡಿಗೊಂದು ನೆಟ್ಟಿರುತ್ತಾರೆ. ಅದರ ಮೂಲೆಮೂಲೆಯಾದ ಹಸಿರು ಕಾಯಿಯನ್ನು ಮಕ್ಕಳು ಆಟಕ್ಕೆ ಆಯ್ದುಕೊಳ್ಳುತ್ತಾರೆ. ಹೃದಯದ ಬಡಿತವನ್ನೇ ಕೆಡಿಸುವ ವಿಷ ಅದರಲ್ಲಿದೆ. ಹಣ್ಣು ಆಯಲು ಮಕ್ಕಳನ್ನು ಕರೆದುಕೊಂಡು ಹೋಗುವವರು ಮೊದಲು ಇದನ್ನು ತೋರಿಸಿ, ಆಮೇಲೆ ಸೀಬೆ ಮರ ತೋರಿಸಿ.

ಒಂಟಿಕೊಪ್ಪಲು ಅಜ್ಜ
ಅಕ್ಟೋಬರ್ 12, ಸಂಜೆ 4.45

ಎಲ್ಲರೂ ಹೆದರಿಸುವುದೇ ಆಯಿತು. ಸೀಬೆ ಹೇಗೆ ಆರಿಸಬೇಕೆಂದು ನಾನು ಹೇಳುತ್ತೇನೆ: ಅಳಿಲು ಕಚ್ಚಿದ್ದನ್ನು ಆರಿಸಿ. ಗಿಣಿ, ಅಳಿಲು ಮುಟ್ಟಿದ ಹಣ್ಣಿನಷ್ಟು ಸಿಹಿ ಬೇರೆ ಯಾವುದೂ ಇಲ್ಲ. ಕಚ್ಚಿದ ಭಾಗ ಕೊಯ್ದು ತೆಗೆದು ತಿನ್ನುವುದು. ಎಪ್ಪತ್ತಾರು ವರ್ಷ ತಿಂದಿದ್ದೇನೆ.

ಬಿಳಿ ಕೋಟು ಬಿಚ್ಚಿದವಳು
ಅಕ್ಟೋಬರ್ 12, ಸಂಜೆ 5.20

ಅಜ್ಜನವರೇ, ಸಿಹಿಯ ವಿಷಯದಲ್ಲಿ ಅಳಿಲಿನ ತೀರ್ಪಿಗೆ ನನ್ನದೂ ಒಪ್ಪಿಗೆ. ಆದರೆ ಕಚ್ಚಿದ್ದು ಅಳಿಲೋ ಬಾವಲಿಯೋ ಎಂದು ಗಾಯ ನೋಡಿ ಹೇಳುವುದು ಕಷ್ಟ. ನಿಫಾ ವೈರಾಣು ಇರುವುದು ಹಣ್ಣು ತಿನ್ನುವ ಬಾವಲಿಗಳಲ್ಲಿ, ಅವುಗಳ ಜೊಲ್ಲಿನಿಂದ ಹಣ್ಣಿಗೂ ತಗುಲಬಹುದು. 2018ರಲ್ಲಿ ಕೋಳಿಕ್ಕೋಡಿನಲ್ಲಿ ಆ ರೋಗ ಕಾಣಿಸಿಕೊಂಡಿತು. ಕೋಳಿಕ್ಕೋಡು ನಮ್ಮಿಂದ ಒಂದು ಹಗಲಿನ ಬಸ್ ಪ್ರಯಾಣವಷ್ಟೇ. ಪ್ರಾಣಿ, ಪಕ್ಷಿ ಕಚ್ಚಿದ ಹಣ್ಣನ್ನು ಕೊಯ್ದು ಉಳಿಸುವುದು ಬೇಡ, ಪೂರ್ತಿ ಎಸೆಯಿರಿ. ಉಳಿದವನ್ನು ಹರಿಯುವ ನೀರಿನಲ್ಲಿ ತೊಳೆದು ತಿನ್ನಿ.

ಒಂಟಿಕೊಪ್ಪಲು ಅಜ್ಜ
ಅಕ್ಟೋಬರ್ 12, ಸಂಜೆ 5.50

ಸರಿ ತಾಯಿ. ಮೊಮ್ಮಕ್ಕಳಿಗೆ ಕೊಡುವುದಿಲ್ಲ.

ಹಿತ್ತಲ ಬಾಗಿಲು
ಅಕ್ಟೋಬರ್ 14, ರಾತ್ರಿ 9.00

ವರದಿ: ಬಾಸುಂದಿ ಎರಡು ಸಲ ಆಯಿತು, ಏಲಕ್ಕಿ ಹಾಕಲಿಲ್ಲ, ಮಸಾಲೆ ಡಬ್ಬಿಯವರ ಪಕ್ಷಕ್ಕೆ ನಾನೂ ಸೇರಿದೆ. ಏಳು ಮನೆಗೆ ಹಂಚಿದೆ. ಐಸ್ ತಟ್ಟೆ ಮೂರು ತುಂಬಿವೆ. ಎಳೆಯ ಕಾಯಿಗಳಲ್ಲಿ ಒಂದೂ ಹಣ್ಣಾಗಲಿಲ್ಲ.

ಈಗ ಸೀಬೆಯ ಸರದಿ. ಸುಮಾರು ಆರು ಕೆ.ಜಿ. ಬಂದಿದೆ. ಅರ್ಧದಷ್ಟರಲ್ಲಿ ಹುಳು. ಉಳಿದದ್ದು ಸಪ್ಪೆ. ಜೆಲ್ಲಿ ಮಾಡಬಹುದೇ?

ಒಲೆಯ ಮುಂದೆ ಮೇಷ್ಟ್ರು (ಕುವೆಂಪುನಗರ)
ಅಕ್ಟೋಬರ್ 15, ಬೆಳಿಗ್ಗೆ 6.30

ಸಪ್ಪೆಯಾಗಿರುವುದು ನಿಮ್ಮ ಮರದ ತಪ್ಪಲ್ಲ. ಮಳೆಗಾಲದ ಸೀಬೆ ಹಾಗೆಯೇ. ಹಣ್ಣುನೊಣ ಮೊಟ್ಟೆಯಿಡುವುದೂ ಈ ಬೆಳೆಯಲ್ಲೇ ಹೆಚ್ಚು. ಚಳಿ ಬಿದ್ದ ಮೇಲೆ ಬರುವ ಕಾಯಿ ಗಟ್ಟಿ, ಸಿಹಿ, ಹುಳುವೂ ಕಡಿಮೆ. ಆದರೆ ಜೆಲ್ಲಿಗೆ ಸಪ್ಪೆ ಸೀಬೆ ಧಾರಾಳವಾಗಿ ಆಗುತ್ತದೆ. ಜೆಲ್ಲಿಗೆ ಬೇಕಾದದ್ದು ಪೆಕ್ಟಿನ್ (ರಸವನ್ನು ಗಟ್ಟಿಯಾಗಿಸುವ, ಹಣ್ಣಿನಲ್ಲೇ ಇರುವ ಅಂಟು), ಹುಳಿ, ಸಕ್ಕರೆ. ಪೆಕ್ಟಿನ್ ಸೀಬೆಯಲ್ಲಿ ಹೇರಳ, ಅದರಲ್ಲೂ ದೋರುಗಾಯಿಯಲ್ಲಿ. ಉಳಿದೆರಡನ್ನು ನಾವು ಹಾಕುತ್ತೇವೆ.

ಹುಳು ತಗುಲಿದ ಹಣ್ಣು ಬಿಡಿ. ಚೆನ್ನಾಗಿರುವುದನ್ನು ಸಿಪ್ಪೆ, ಬೀಜ ಸಮೇತ ಬಿಲ್ಲೆಗಳಾಗಿ ಹೆಚ್ಚಿ, ಮುಳುಗುವಷ್ಟು ನೀರು ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ, ಕೆಳಗೆ ಪಾತ್ರೆಯಿಟ್ಟು, ರಾತ್ರಿಯೆಲ್ಲ ನಲ್ಲಿಗೆ ತೂಗುಹಾಕಿ. ಹಿಂಡಬೇಡಿ. ಹಿಂಡಿದರೆ ರಸ ನಾಲ್ಕು ಲೋಟ ಹೆಚ್ಚು ಸಿಗುತ್ತದೆ, ಜೆಲ್ಲಿ ಮಾತ್ರ ಕದಡಿದ ಕೆರೆಯ ನೀರಿನಂತಾಗುತ್ತದೆ. ಒಂದು ಲೋಟ ರಸಕ್ಕೆ ಮುಕ್ಕಾಲು ಲೋಟ ಸಕ್ಕರೆ, ಒಂದು ದೊಡ್ಡ ಚಮಚ ನಿಂಬೆರಸ.

ಇನ್ನು ನನ್ನ ಅವಮಾನದ ಕಥೆ. ಮೂವತ್ತು ವರ್ಷ ಶಾಲೆಯಲ್ಲಿ ಭೌತವಿಜ್ಞಾನ ಪಾಠ ಮಾಡಿದವನು ನಾನು. ಮೊದಲ ಸಲ ಜೆಲ್ಲಿ ಮಾಡಿದಾಗ, ಪಾಕ 105 ಡಿಗ್ರಿಗೆ ಬಂದಾಗ ಇಳಿಸಬೇಕೆಂದು ಓದಿದ್ದನ್ನು ಶಿರಸಾವಹಿಸಿ, ಥರ್ಮಾಮೀಟರ್ ನೆಟ್ಟು ಕಾದು ಕುಳಿತೆ. 102 ಆಯಿತು, 103 ಆಯಿತು. ಪಾಕ ಬಂಗಾರದ ಬಣ್ಣದಿಂದ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ‘ಇಳಿಸಿ, ಮುಗಿಯಿತು’ ಎಂದು ಮನೆಯವಳು ಎರಡು ಸಲ ಹೇಳಿದಳು. ಅಂಕಿ ಬರಲಿಲ್ಲ, ನಾನು ಇಳಿಸಲಿಲ್ಲ. 105 ಮುಟ್ಟಿದಾಗ ಇಳಿಸಿ ಸೀಸೆಗೆ ತುಂಬಿದೆ. ಮರುದಿನ ಚಮಚ ಚುಚ್ಚಿ ಎಳೆದರೆ ಚಮಚದ ಜೊತೆ ಸೀಸೆಯೇ ಮೇಲೆದ್ದು ಬಂತು.

ಆಮೇಲೆ ಹೊಳೆಯಿತು. ಆ 105 ಸಮುದ್ರಮಟ್ಟದ ಲೆಕ್ಕ. ನೀರು 100 ಡಿಗ್ರಿಯಲ್ಲಿ ಕುದಿಯುವ ಊರಿನಲ್ಲಿ ಪಾಕ ಅದಕ್ಕಿಂತ ನಾಲ್ಕೂವರೆ ಐದು ಡಿಗ್ರಿ ಮೇಲೆ ಹದಕ್ಕೆ ಬರುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿ ದಾಟಿದ ಕೂಡಲೇ ಕುದಿಯುತ್ತದೆ. ಹಾಗಾಗಿ ನಮ್ಮ ಜೆಲ್ಲಿಯ ಹದ 102ರ ಆಸುಪಾಸು. ಮಕ್ಕಳಿಗೆ ವರ್ಷ ವರ್ಷವೂ ‘ಎತ್ತರ ಹೆಚ್ಚಿದಂತೆ ಕುದಿಬಿಂದು ಇಳಿಯುತ್ತದೆ’ ಎಂದು ಬರೆಸಿದವನು ನಾನೇ. ನಿಮ್ಮ ಥರ್ಮಾಮೀಟರನ್ನು ಮೊದಲು ಬರೀ ಕುದಿಯುವ ನೀರಿನಲ್ಲಿ ಅದ್ದಿ, ಬಂದ ಅಂಕಿಗೆ ನಾಲ್ಕೂವರೆ ಕೂಡಿಸಿ. ಥರ್ಮಾಮೀಟರ್ ಇಲ್ಲವೇ? ಫ್ರಿಜ್ಜಿನಲ್ಲಿಟ್ಟ ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಹಾಕಿ, ಒಂದು ನಿಮಿಷ ಬಿಟ್ಟು ಬೆರಳಿನಿಂದ ತಳ್ಳಿ. ಮೇಲೆ ಸುಕ್ಕು ಬಿದ್ದರೆ ಇಳಿಸಿ. ಮನೆಯವಳು ಬಳಸಿದ್ದು ಅದನ್ನೇ.

ಮಸಾಲೆ ಡಬ್ಬಿ
ಅಕ್ಟೋಬರ್ 15, ಬೆಳಿಗ್ಗೆ 9.10

ಸೀಸೆಗಳನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಒಣಗಿಸಿ, ಬಿಸಿಯಿರುವಾಗಲೇ ಬಿಸಿ ಜೆಲ್ಲಿ ತುಂಬಿ ಎಂಬುದನ್ನು ಮೇಷ್ಟ್ರು ಬಿಟ್ಟರು. ತಣ್ಣನೆಯ ಸೀಸೆಗೆ ಸುರಿದರೆ ಗಾಜು ಬಿರುಕು ಬಿಡುತ್ತದೆ.

ಸೋಸಿ ಉಳಿದ ಚರಟವನ್ನು ಎಸೆಯಬೇಡಿ. ಜರಡಿಯಲ್ಲಿ ಉಜ್ಜಿ ಬೀಜ ತೆಗೆದು, ತೂಕಕ್ಕೆ ಮುಕ್ಕಾಲು ಪಾಲು ನಮ್ಮ ಮಂಡ್ಯದ ಬೆಲ್ಲ ಹಾಕಿ, ತಳ ಬಿಡುವವರೆಗೆ ಮಗುಚಿ, ತುಪ್ಪ ಸವರಿದ ತಟ್ಟೆಗೆ ಸುರಿದರೆ ಸೀಬೆ ಬರ್ಫಿ. ಬೆಲ್ಲದ್ದು ನೋಡಲು ಕಪ್ಪು, ರುಚಿಯಲ್ಲಿ ಸಕ್ಕರೆಯದ್ದನ್ನು ಹಿಂದೆ ಹಾಕುತ್ತದೆ. ಬಿಳಿಚಿಕೊಂಡ ಬೆಲ್ಲ ತರಬೇಡಿ. ಕಂದು ಬಣ್ಣದ, ಒಡೆದರೆ ಹರಳು ಕಾಣುವ ಅಚ್ಚು ಕೇಳಿ ತನ್ನಿ.

ಜಯಲಕ್ಷ್ಮೀಪುರಂ ಜಗಲಿ
ಅಕ್ಟೋಬರ್ 16, ಬೆಳಿಗ್ಗೆ 10.00

ನಮ್ಮ ಮನೆಯಲ್ಲಿ ಕಮರಾಕ್ಷಿ (ಸ್ಟಾರ್ ಫ್ರೂಟ್) ಸುರಿಯುತ್ತಿದೆ. ಹೆರಳೆಕಾಯಿ ಕೊಟ್ಟರೆ ಎರಡರಷ್ಟು ಕಮರಾಕ್ಷಿ ಕೊಡುತ್ತೇನೆ. ಗೊಜ್ಜಿಗೆ, ಸಾರಿಗೆ, ಉಪ್ಪು ಖಾರ ಹಚ್ಚಿ ತಿನ್ನಲು, ಎಲ್ಲಕ್ಕೂ ಬರುತ್ತದೆ.

ಬಿಳಿ ಕೋಟು ಬಿಚ್ಚಿದವಳು
ಅಕ್ಟೋಬರ್ 16, ಬೆಳಿಗ್ಗೆ 10.30

ನಾನು ಬಂದರೆ ಹೆದರಿಸಲಿಕ್ಕೇ ಬಂದಳು ಎನ್ನುತ್ತೀರಿ. ಆದರೂ: ಮೂತ್ರಪಿಂಡದ ತೊಂದರೆ ಇರುವವರಿಗೆ ಕಮರಾಕ್ಷಿ ಕೂಡದು. ಅದರಲ್ಲಿರುವ ಆಕ್ಸಲೇಟ್ ಮತ್ತು ನರಗಳ ಮೇಲೆ ಪರಿಣಾಮ ಬೀರುವ ಇನ್ನೊಂದು ಪದಾರ್ಥವನ್ನು ದುರ್ಬಲ ಮೂತ್ರಪಿಂಡ ಹೊರಹಾಕಲಾರದು. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಎಷ್ಟೋ ಜನರಿಗೆ ತಮ್ಮ ಮೂತ್ರಪಿಂಡದ ಸ್ಥಿತಿ ಗೊತ್ತೇ ಇರುವುದಿಲ್ಲ. ಹಿತ್ತಲ ಬಾಗಿಲಿನವರೇ, ನಿಮ್ಮ ಮನೆಗೆ ಬೇಡ.

ಹಿತ್ತಲ ಬಾಗಿಲು
ಅಕ್ಟೋಬರ್ 16, ಬೆಳಿಗ್ಗೆ 11.00

ಜಗಲಿಯವರೇ, ಹೆರಳೆಯನ್ನು ಬಿಟ್ಟಿಯೇ ಒಯ್ಯಿರಿ. ಗಿಡದ ತುಂಬ ಇದೆ, ನನಗೆ ಚಿತ್ರಾನ್ನ ಬಿಟ್ಟು ಬೇರೆ ಗೊತ್ತಿಲ್ಲ. ಮೊನ್ನೆ ಮಾಡಿದ ಚಿತ್ರಾನ್ನವೂ ಕಹಿಯಾಯಿತು.

ಅಗ್ರಹಾರದ ಮೊಮ್ಮಗ
ಅಕ್ಟೋಬರ್ 16, ಮಧ್ಯಾಹ್ನ 2.20

ರಸ ಹಿಂಡಿ ಇಟ್ಟುಕೊಂಡಿರಿ, ಅಥವಾ ಒಗ್ಗರಣೆಗೆ ಸುರಿದಿರಿ. ಎರಡರಲ್ಲಿ ಒಂದು. ಹೆರಳೆಯ ರಸ ಇಟ್ಟಷ್ಟೂ ಕಹಿಯಾಗುತ್ತದೆ. ಒಗ್ಗರಣೆ ಕಲಸಿದ ಅನ್ನ ಆರಿದ ಮೇಲೆ, ಹಣ್ಣನ್ನು ಅಡ್ಡಕ್ಕೆ ಕೊಯ್ದು, ಬೀಜ ತೆಗೆದು, ನೇರವಾಗಿ ಅನ್ನದ ಮೇಲೆ ಹಿಂಡಿ. ಕಡೆಯ ಹನಿಯವರೆಗೂ ಹಿಂಡಬೇಡಿ. ಸಿಪ್ಪೆಯ ಒಳಗಿನ ಬಿಳಿ ಭಾಗ ಜಜ್ಜಿದರೆ ಕಹಿ ಇಳಿಯುತ್ತದೆ. ನಿಂಬೆಹಣ್ಣಿನ ಚಿತ್ರಾನ್ನ ಅವಸರದ ಅಡುಗೆ. ಹೆರಳೆಗೆ ತಾಳ್ಮೆ ಬೇಕು, ಆ ಘಮಕ್ಕೆ ಅಷ್ಟಾದರೂ ಸಲ್ಲಬೇಕು.

ಉಳಿದ ಸಿಪ್ಪೆಯಿಂದ ಗೊಜ್ಜು. ಬಿಳಿ ಭಾಗವನ್ನು ಆದಷ್ಟು ಹೆರೆದು, ಸಣ್ಣಗೆ ಹೆಚ್ಚಿ, ಎರಡು ಸಲ ಕುದಿಸಿ ನೀರು ಚೆಲ್ಲಿ. ಆಮೇಲೆ ಹುಣಸೆರಸ, ಬೆಲ್ಲ, ಉಪ್ಪು, ಸಾರಿನ ಪುಡಿ, ಹುರಿದು ಪುಡಿ ಮಾಡಿದ ಎಳ್ಳು ಹಾಕಿ ಎಣ್ಣೆ ತೇಲುವವರೆಗೆ ಕುದಿಸಿ. ತುಸು ಕಹಿ ಉಳಿಯುತ್ತದೆ. ಉಳಿಯಬೇಕು.

ಮೇಲುಕೋಟೆ ಮೆಟ್ಟಿಲ ಮನೆ
ಅಕ್ಟೋಬರ್ 19, ಬೆಳಿಗ್ಗೆ 7.00

ಬೇಲದ ಹಣ್ಣನ್ನು ಯಾರೂ ನೆನೆಯಲಿಲ್ಲವಲ್ಲ! ಇನ್ನು ಕೆಲವು ದಿನಗಳಲ್ಲಿ ಶುರುವಾಗುತ್ತದೆ. ‘ಕಪಿತ್ಥ ಜಂಬೂಫಲಸಾರ ಭಕ್ಷಿತಂ’ ಎಂದು ದಿನಾ ಗಣಪತಿಯ ಮುಂದೆ ಹೇಳುತ್ತೇವೆ. ಆ ಕಪಿತ್ಥ ಯಾವುದೆಂದು ಮಕ್ಕಳನ್ನು ಕೇಳಿದರೆ ಗೊತ್ತಿಲ್ಲ. ಹಣ್ಣಾಗಿದೆಯೇ ಎಂದು ಸಿಪ್ಪೆ ನೋಡಿ ಹೇಳಲಾಗದು, ಅದು ಮರದ ಚಿಪ್ಪು. ಒಂದಡಿ ಎತ್ತರದಿಂದ ನೆಲಕ್ಕೆ ಬಿಡಿ. ಚೆಂಡಿನಂತೆ ಪುಟಿದರೆ ಕಾಯಿ, ದೊಪ್ಪನೆ ಕುಳಿತರೆ ಹಣ್ಣು. ಕಾಯಿಯಾದರೆ ಒಡೆದು ಹಸಿಮೆಣಸಿನಕಾಯಿ, ಕಾಯಿತುರಿ ಜೊತೆ ಚಟ್ನಿ. ಹಣ್ಣಾದರೆ ಬೆಲ್ಲ, ಏಲಕ್ಕಿ ಹಾಕಿ ಪಾನಕ. ಆನೆ ನುಂಗಿದ ಬೇಲದ ಹಣ್ಣು ಚಿಪ್ಪು ಒಡೆಯದೆ, ಒಳಗೆ ಟೊಳ್ಳಾಗಿ ಹೊರಬರುತ್ತದೆಂಬ ಹಳೆಯ ಮಾತಿದೆ. ದಸರಾ ಆನೆಗಳ ಮಾವುತರನ್ನು ಕೇಳಬೇಕೆಂದು ಪ್ರತಿ ವರ್ಷ ಅಂದುಕೊಳ್ಳುತ್ತೇನೆ, ಅಷ್ಟರಲ್ಲಿ ಅವು ಕಾಡಿಗೆ ಹೊರಟಿರುತ್ತವೆ.

ಹಿತ್ತಲ ಬಾಗಿಲು
ಅಕ್ಟೋಬರ್ 24, ರಾತ್ರಿ 8.40

ದೀಪಾವಳಿಯ ಗಡಿಬಿಡಿಯಲ್ಲಿ ಬರೆಯಲಾಗಲಿಲ್ಲ. ಜೆಲ್ಲಿ ಬಂತು! ನನ್ನ ಥರ್ಮಾಮೀಟರಿನಲ್ಲಿ ನೀರು 97ಕ್ಕೆ ಕುದಿಯಿತು. 101 ದಾಟಿದಾಗ ತಟ್ಟೆಯ ಮೇಲೆ ಸುಕ್ಕು ಬಿತ್ತು, ಇಳಿಸಿಬಿಟ್ಟೆ. ಒಂಬತ್ತು ಸೀಸೆ. ಕಿಟಕಿಯಲ್ಲಿಟ್ಟು ಬೆಳಕಿಗೆ ನೋಡಿದರೆ ಮಾಣಿಕ್ಯದ ಬಣ್ಣ. ಬಿಳಿ ತಿರುಳಿನ ಸೀಬೆಯಿಂದ ಈ ಕೆಂಪು ಎಲ್ಲಿಂದ ಬಂತೋ, ಮೇಷ್ಟ್ರೇ ಹೇಳಬೇಕು.

ಇನ್ನು ನೆಲ್ಲಿ. ಈಗಲೇ ಕಿತ್ತು, ಅರೆದು, ಬಿಲ್ಲೆಬಿಲ್ಲೆಯಾಗಿ ನೆಲ್ಲಿ ಚಟ್ಟು ತಟ್ಟಿ ಒಣಗಿಸಲೇ?

ನಾಗಮಂಗಲ ಬಯಲು
ಅಕ್ಟೋಬರ್ 25, ಬೆಳಿಗ್ಗೆ 6.15

ಈಗ ಸ್ವಾತಿ ಮಳೆ ನಡೆಯುತ್ತಿದೆ. ಮೈಸೂರಿನಲ್ಲಿ ಅಕ್ಟೋಬರ್ ಎಂದರೆ ವರ್ಷದ ದೊಡ್ಡ ಮಳೆ ತಿಂಗಳುಗಳಲ್ಲಿ ಒಂದು. ತಾರಸಿಯ ಮೇಲೆ ಚಟ್ಟು ಹರಡಿ, ಮಧ್ಯಾಹ್ನ ಮಲಗಿ, ಎದ್ದು ನೋಡಿದರೆ ಚಟ್ಟು ಹೋಗಿ ಚಟ್ನಿಯಾಗಿರುತ್ತದೆ. ವಿಶಾಖೆ ಕಳೆಯಲಿ, ನವೆಂಬರ್ ಮೂರನೆಯ ವಾರದ ಬಿಸಿಲಿಗೆ ಕಾಯಿರಿ. ಕಾಯಿಯೂ ಅಷ್ಟರಲ್ಲಿ ಬಲಿಯುತ್ತದೆ.

ಮಸಾಲೆ ಡಬ್ಬಿ
ಅಕ್ಟೋಬರ್ 25, ಬೆಳಿಗ್ಗೆ 9.30

ತುಳಸಿ ಹಬ್ಬಕ್ಕೆ ಕಾಯಿ ಸಮೇತ ನೆಲ್ಲಿ ಕೊಂಬೆ ಬೇಕೆಂದು ಇಡೀ ಬೀದಿ ನಿಮ್ಮ ಬಾಗಿಲಿಗೆ ಬರುತ್ತದೆ, ಈಗಲೇ ಸಿದ್ಧರಾಗಿ. ಕೈಯಿಂದ ಎಳೆಯಲು ಬಿಡಬೇಡಿ, ಕತ್ತರಿ ನೀವೇ ಹಿಡಿಯಿರಿ.

ಬಿಸಿಲು ಬರುವವರೆಗೆ ಉಪ್ಪುನೀರಿನ ನೆಲ್ಲಿ ಮಾಡಿ. ಒಂದು ಲೀಟರ್ ನೀರಿಗೆ 100 ಗ್ರಾಂ ಕಲ್ಲುಪ್ಪು, ಚಿಟಿಕೆ ಅರಿಸಿನ, ಕುದಿಸಿ ಆರಿಸಿ, ಕಾಯಿ ಮುಳುಗುವಂತೆ ಭರಣಿಗೆ ಸುರಿಯಿರಿ. ಕಾಯಿ ಮೇಲೆ ತೇಲಬಾರದು, ಸಣ್ಣ ತಟ್ಟೆಯ ಭಾರ ಇಡಿ. ಕಬ್ಬಿಣದ ಪಾತ್ರೆ, ಕಬ್ಬಿಣದ ಸೌಟು ಮುಟ್ಟಿಸಬೇಡಿ. ನೆಲ್ಲಿಯ ಒಗರು ಕಬ್ಬಿಣಕ್ಕೆ ತಾಗಿದರೆ ಶಾಯಿಯಂತೆ ಕಪ್ಪಾಗುತ್ತದೆ. ಎರಡು ವಾರಕ್ಕೆ ಕಾಯಿ ಮೆತ್ತಗಾಗುತ್ತದೆ. ಎರಡು ಕಾಯಿ, ಚೂರು ಜೀರಿಗೆ, ಕಾಯಿತುರಿ ಅರೆದು ಮಜ್ಜಿಗೆಗೆ ಬೆರೆಸಿದರೆ ತಂಬುಳಿ.

ನಿಮ್ಮ ಬೀದಿಯಲ್ಲಿ ಹುಣಸೆ ಮರವಿದ್ದರೆ ಅದರ ಮೇಲೂ ಒಂದು ಕಣ್ಣಿರಲಿ. ಕಾರ್ತಿಕ ಕಳೆಯುವ ಹೊತ್ತಿಗೆ ಕಾಯಿ ಬಲಿತಿರುತ್ತದೆ, ಬೀಜ ಗಟ್ಟಿಯಾಗಿರುವುದಿಲ್ಲ. ತೊಕ್ಕಿಗೆ ಅದೇ ಹದ. ಉಪ್ಪು, ಅರಿಸಿನ ಹಾಕಿ ಕುಟ್ಟಿ ಮೂರು ದಿನ ಭರಣಿಯಲ್ಲಿಟ್ಟು, ನಾರು, ಬೀಜ ಆರಿಸಿ, ಹಸಿಮೆಣಸಿನಕಾಯಿ, ಹುರಿದ ಮೆಂತ್ಯ, ಇಂಗು ಸೇರಿಸಿ ಮತ್ತೆ ಕುಟ್ಟುವುದು. ಒರಳಿನಲ್ಲೇ ಕುಟ್ಟಬೇಕು. ಮಿಕ್ಸಿಯಲ್ಲಿ ನಾರು ತುಂಡಾಗಿ ಗಂಟಲಿಗೆ ಸಿಗುತ್ತದೆ.

ಒಲೆಯ ಮುಂದೆ ಮೇಷ್ಟ್ರು
ಅಕ್ಟೋಬರ್ 25, ಬೆಳಿಗ್ಗೆ 10.05

ಕೆಂಪು ಬಂದದ್ದು ಸೀಬೆಯ ಒಗರಿನಿಂದ. ಹುಳಿಯ ಜೊತೆ ಹೆಚ್ಚು ಹೊತ್ತು ಕುದಿದಾಗ ಅದು ಬಣ್ಣ ಕಟ್ಟುತ್ತದೆ. ಒಂಬತ್ತು ಸೀಸೆಗೆ ಅಭಿನಂದನೆ. ಮನೆಯವಳಿಗೆ ಓದಿ ಹೇಳಿದೆ. ‘ಅವರು ತಟ್ಟೆ ನೋಡಿ ಇಳಿಸಿದ್ದಾರೆ’ ಎಂದಳು.

ಹಿತ್ತಲ ಬಾಗಿಲು
ನವೆಂಬರ್ 9, ಸಂಜೆ 6.20

ತುಳಸಿ ಹಬ್ಬಕ್ಕೆ ಹದಿನಾಲ್ಕು ಮನೆಗೆ ಕೊಂಬೆ ಕೊಟ್ಟೆ, ಕತ್ತರಿ ನನ್ನ ಕೈಯಲ್ಲೇ ಇತ್ತು. ಕೆಳಗಿನ ಕೊಂಬೆಗಳು ಬೋಳು, ಮೇಲಿನದ್ದು ಚಟ್ಟಿಗೆ ಉಳಿದಿದೆ. ಉಪ್ಪುನೀರಿನ ಭರಣಿ ಅಡುಗೆಮನೆಯ ಮೂಲೆ ಹಿಡಿದು ಕುಳಿತಿದೆ, ಅತ್ತೆಯವರು ದಿನಕ್ಕೆರಡು ಸಲ ಮುಚ್ಚಳ ತೆಗೆದು ನೋಡುತ್ತಾರೆ.

ಮೊನ್ನೆ ಪಕ್ಕದ ಮನೆಯ ಯಜಮಾನಿ ಮಗಳ ಜೊತೆ ಬಂದಿದ್ದರು. ಹಿತ್ತಲಿಗೆ ಹೋಗಿ ಗಿಡಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ನಮ್ಮ ಮನೆಗೆ ಬಂದಾಗ ದೋಸೆಗೆ ಜೆಲ್ಲಿ ಹಾಕಿಕೊಟ್ಟೆ. ‘ಇದು ನಮ್ಮ ಸೀಬೆಯೇ? ಈ ಮರವನ್ನು ಕಡಿಸಬೇಕೆಂದು ಎಷ್ಟು ಸಲ ಅಂದುಕೊಂಡಿದ್ದೆ’ ಎಂದರು. ಹೊರಡುವಾಗ ಮಗಳ ಚೀಲದಲ್ಲಿ ಏಳು ಸೀಸೆ. ಗೋಡೆಯ ಈಚೆ ಉಳಿದದ್ದು ಎರಡು, ಅದರಲ್ಲಿ ಒಂದು ಅರ್ಧ.

ಕೀಲಿಕೈ ಮತ್ತೆ ಮೊಳೆಗೆ ಬಂದಿದೆ.

ನಾಗಮಂಗಲ ಬಯಲು
ನವೆಂಬರ್ 9, ರಾತ್ರಿ 7.05

ಕಾರೆ ದೋರಿಗೆ ಬಂದಿದೆ. ಮಂಗಾರೆ ಅಲ್ಲ, ಕಾರೆ. ನಾಳೆ ಮೈಸೂರಿಗೆ ಬರುವ ನಮ್ಮ ಹುಡುಗನ ಕೈಯಲ್ಲಿ ಒಂದು ಡಬ್ಬ ಕಳಿಸುತ್ತೇನೆ. ಹುಲ್ಲು ಸಮೇತ ಕಳಿಸಲೇ?

ಹಿತ್ತಲ ಬಾಗಿಲು
ನವೆಂಬರ್ 9, ರಾತ್ರಿ 7.10

ಹುಲ್ಲು ಸಮೇತ. ಗುರುತಿಗೆ ಕಲ್ಲು ನಾನೇ ಇಟ್ಟುಕೊಳ್ಳುತ್ತೇನೆ.